ಹಳೆ ಪ್ರೊಜೆಕ್ಟರಿಗೆ ಯಾವ ಎಣ್ಣೆ? ಎಲ್ಲಿಗೆ ಯಾವುದು, ಎಷ್ಟು ತೊಟ್ಟು

ಈ ಜನವರಿಯಲ್ಲಿ ಮಂಡ್ಯ ಕಡೆಯ ಹಳ್ಳಿಯೊಂದರಿಂದ ಒಬ್ಬರು 16 ಎಂ.ಎಂ. (ಫಿಲ್ಮಿನ ಅಗಲ) ಸಿನಿಮಾ ಪ್ರೊಜೆಕ್ಟರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮೈಸೂರಿನ ನಮ್ಮ ಮನೆಗೆ ಬಂದರು. ಅವರ ತಂದೆ ಹಿಂದೆ ಊರೂರಿಗೆ ಹೋಗಿ ಶಾಲೆ ಅಂಗಳದಲ್ಲಿ ಸಿನಿಮಾ ತೋರಿಸುತ್ತಿದ್ದರಂತೆ. ಯಂತ್ರ ತುಕ್ಕು ಹಿಡಿದಿರಲಿಲ್ಲ, ಬಣ್ಣವೂ ಮಾಸಿರಲಿಲ್ಲ. ಮುಚ್ಚಳದ ಮೇಲೆ ಅರಿಶಿನ ಕುಂಕುಮದ ಗುರುತಿತ್ತು. ಆದರೆ ಕೈಯಲ್ಲಿ ತಿರುಗಿಸುವ ನಾಬ್ ಮಾತ್ರ ಅಲ್ಲಾಡಲಿಲ್ಲ.

"ಎಣ್ಣೆ ಹಾಕ್ತಾ ಇದ್ರಾ?" ಅಂತ ಕೇಳಿದೆ.

"ತಪ್ಪದೆ ಹಾಕಿದೀವಿ ಸಾರ್. ಪ್ರತಿ ವರ್ಷ ಆಯುಧಪೂಜೆಗೆ ಒರೆಸಿ, ಕೊಬ್ಬರಿ ಎಣ್ಣೆ ಬಿಟ್ಟು, ಪೂಜೆ ಮಾಡ್ತೀವಿ."

ಬೆಳಗ್ಗೆ 7 ಗಂಟೆಗೆ ಬಿಗಿಯಾಗಿದ್ದ ನಾಬ್, ಮಧ್ಯಾಹ್ನ ಬಿಸಿಲಲ್ಲಿ ಎರಡು ಗಂಟೆ ಇಟ್ಟ ಮೇಲೆ ಕಾಲು ಸುತ್ತು ತಿರುಗಿತು. ಮರುದಿನ ಬೆಳಗ್ಗೆ ಮತ್ತೆ ಅಲ್ಲಾಡಲಿಲ್ಲ. ಮನೆಯ ಸೀಸೆಯಲ್ಲಿ ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದಲ್ವಾ, ಹಾಗೆಯೇ ಶಾಫ್ಟು ಕೂತು ತಿರುಗುವ ಲೋಹದ ಬಳೆ, ಅಂದರೆ ಬುಶ್ಶಿನೊಳಗೂ ಗಟ್ಟಿಯಾಗಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮೈಸೂರಿನ ಜನವರಿ ಬೆಳಗು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ.

ಇದನ್ನು ಬರೆಯಲು ಆ ಯಂತ್ರವೇ ಕಾರಣ. "ಯಾವ ಎಣ್ಣೆ ಒಳ್ಳೇದು?" ಅಂತ ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಿಲ್ಲ. "ಈ ಜಾಗಕ್ಕೆ ಯಾವುದು?" ಅಂತ ಕೇಳಿದರೆ ಉತ್ತರವಿದೆ. ಒಂದೇ ಪ್ರೊಜೆಕ್ಟರಿನಲ್ಲಿ ತೆಳು ಎಣ್ಣೆ ಬೇಡುವ ಜಾಗವಿದೆ, ದಪ್ಪ ಎಣ್ಣೆ ಬೇಡುವ ಜಾಗವಿದೆ, ಗ್ರೀಸು ಬೇಡುವ ಜಾಗವಿದೆ. ಏನೂ ತಾಗಬಾರದ ಜಾಗವೂ ಇದೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಸುತ್ತುವ ಶಾಫ್ಟು, ಬುಶ್ಶು, ಎಣ್ಣೆ ಹೀರಿಟ್ಟುಕೊಳ್ಳುವ ಫೆಲ್ಟು (ಒತ್ತಿದ ಉಣ್ಣೆ) ಬತ್ತಿಗಳಿಗೆ ಐಎಸ್‌ಒ ವಿಜಿ 68ರ ಟರ್ಬೈನ್ ಎಣ್ಣೆ. 8 ಎಂ.ಎಂ. ಯಂತ್ರದ ಸಣ್ಣ ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ. ಲೋಹದ ಗೇರಿಗೆ ಲಿಥಿಯಂ ಗ್ರೀಸು, ನೈಲಾನ್ ಗೇರಿಗೆ ಸಿಂಥೆಟಿಕ್ ಅಥವಾ ಸಿಲಿಕೋನ್ ಗ್ರೀಸು. 35 ಎಂ.ಎಂ. ಯಂತ್ರದಲ್ಲಿ ಫಿಲ್ಮನ್ನು ತಡೆತಡೆದು ಎಳೆಯುವ ಜಿನೀವಾ ಪೆಟ್ಟಿಗೆಗೆ ಅದರ ಕೈಪಿಡಿ ಹೇಳಿದ ಎಣ್ಣೆ. ಗೇಟು (ದೀಪದ ಮುಂದೆ ಫಿಲ್ಮು ಹಾದುಹೋಗುವ ಸಂದಿ), ರಬ್ಬರು, ಬೆಲ್ಟು ಇವಕ್ಕೆ ಏನೂ ಬೇಡ. ಇದರ ಕಾರಣ ತಿಳಿದುಕೊಂಡರೆ, ನಿಮ್ಮ ಯಂತ್ರ ನನ್ನದಕ್ಕಿಂತ ಬೇರೆಯಾಗಿದ್ದರೂ ನೀವೇ ಆರಿಸಿಕೊಳ್ಳಬಹುದು.

ಡಬ್ಬಿಯ ಮೇಲಿನ ಅಂಕಿ

ವಿಜಿ (ವಿಸ್ಕಾಸಿಟಿ ಗ್ರೇಡ್) ಪಕ್ಕದ ಅಂಕಿ ಎಣ್ಣೆ ಎಷ್ಟು ಮಂದ ಅನ್ನುವುದನ್ನು ಹೇಳುತ್ತದೆ. 40 ಡಿಗ್ರಿ ಬಿಸಿಯಲ್ಲಿ ಅಳೆದು ಇಟ್ಟ ಅಂಕಿ ಅದು. ಅಂಕಿ ಜಾಸ್ತಿಯಾದಷ್ಟೂ ಎಣ್ಣೆ ಮಂದ. ಹೊಲಿಗೆ ಯಂತ್ರದ ಎಣ್ಣೆ ಸುಮಾರು 10ರಿಂದ 22ರ ಒಳಗೆ ಬರುತ್ತದೆ. ಗ್ಯಾರೇಜಿನವರು "30 ನಂಬರ್" ಅನ್ನುವ ಎಸ್‌ಎಇ 30 ಎಣ್ಣೆ ಹೆಚ್ಚುಕಡಿಮೆ ವಿಜಿ 100ಕ್ಕೆ ಸಮ. ಎಸ್‌ಎಇ 20 ಸುಮಾರು 68ರ ಹತ್ತಿರ.

ವೇಗ ಜಾಸ್ತಿ, ಭಾರ ಕಡಿಮೆ ಇದ್ದಲ್ಲಿ ತೆಳು ಎಣ್ಣೆ. ವೇಗ ಕಡಿಮೆ, ಭಾರ ಜಾಸ್ತಿ ಇದ್ದಲ್ಲಿ ಮಂದ ಎಣ್ಣೆ. ತೀರ ತೆಳುವಾದರೆ ನಿಲ್ಲದೆ ಹರಿದುಹೋಗುತ್ತದೆ, ಗೇಟಿನ ತನಕವೂ ಹೋಗಿ ರೀಲಿಗೆ ತಾಗುತ್ತದೆ. ತೀರ ಮಂದವಾದರೆ ಮೋಟಾರು ಏದುಸಿರು ಬಿಡುತ್ತದೆ.

16 ಎಂ.ಎಂ. ಪ್ರೊಜೆಕ್ಟರಿನ ಒಳಗೆ ಏನಾಗುತ್ತದೆ ನೋಡಿ. ಉಗುರಿನ ಹಾಗಿರುವ ಒಂದು ಕ್ಲಾ ಸೆಕೆಂಡಿಗೆ 24 ಸಲ ಫಿಲ್ಮಿನ ತೂತಿಗೆ ಇಳಿದು, ಒಂದೊಂದೇ ಚಿತ್ರವನ್ನು ಕೆಳಗೆಳೆದು, ವಾಪಸ್ ಮೇಲೆ ಹೋಗುತ್ತದೆ. ಗಂಟೆಗೆ 86,400 ಸಲ. ಒಂದು ದಿನಕ್ಕೆ ಎಷ್ಟು ಸೆಕೆಂಡೋ ಅಷ್ಟು! ಎರಡೂವರೆ ಗಂಟೆಯ ಸಿನಿಮಾ ಆದರೆ 2,16,000 ಸಲ. ಇಷ್ಟು ದುಡಿಯುವ ಭಾಗಕ್ಕೆ ನಾವು ಕೊಡುವುದು ಎರಡೋ ಮೂರೋ ತೊಟ್ಟು. ಆ ತೊಟ್ಟು ಯಾವುದು ಅನ್ನುವುದು ಅದಕ್ಕೇ ಮುಖ್ಯ.

ಮನೆಯಲ್ಲೇ ಇರುವ ಎಣ್ಣೆಗಳು

ಕೊಬ್ಬರಿ ಎಣ್ಣೆಯ ಇನ್ನೊಂದು ತೊಂದರೆ ಆ ಯಂತ್ರ ಬಿಚ್ಚಿದಾಗ ಕಣ್ಣಿಗೇ ಬಿತ್ತು. ಹಿತ್ತಾಳೆ ಬುಶ್ಶಿನ ಅಂಚಿನಲ್ಲಿ ಹಸಿರು ಮೇಣದಂಥ ಪದರ. ಸೂಜಿಯಲ್ಲಿ ಕೆರೆದರೆ ಉಗುರುಸಂದಿಯ ಕೊಳೆಯ ಹಾಗೆ ಸುರುಳಿಯಾಗಿ ಬಂತು. ವಾಸನೆ ಹಳೆ ಎಣ್ಣೆ ತಿಂಡಿಯದು. ಅಡುಗೆ ಎಣ್ಣೆ ಹಳಸಿದರೆ ಅದರಲ್ಲಿ ಆಮ್ಲ ಹುಟ್ಟುತ್ತದೆ. ಆ ಆಮ್ಲ ಹಿತ್ತಾಳೆ, ಕಂಚಿನಲ್ಲಿರುವ ತಾಮ್ರವನ್ನು ತಿಂದು ಹೀಗೆ ಹಸಿರಾಗುತ್ತದೆ. ಮೇಲಿನ ಕುಂಕುಮದ ಪುಡಿಯೂ ಇಳಿದು ಅದರಲ್ಲಿ ಕಲೆಸಿಕೊಂಡಿತ್ತು. ಕಡಲೆಕಾಯಿ ಎಣ್ಣೆ ಇನ್ನೂ ಕಷ್ಟ. ಗಾಳಿಗೆ ಅಂಟಾಗಿ, ಆಮೇಲೆ ವಾರ್ನಿಷ್ ಹಾಗೆ ಒಣಗಿಬಿಡುತ್ತದೆ.

ಹರಳೆಣ್ಣೆಯ ಕಥೆ ಬೇರೆ. ಒಂದು ಕಾಲದಲ್ಲಿ ರೇಸ್ ಕಾರಿನ ಎಂಜಿನ್ನಿಗೂ ಹಾಕುತ್ತಿದ್ದ ಎಣ್ಣೆ ಅದು. ಲೋಹಕ್ಕೆ ಚೆನ್ನಾಗಿ ಅಂಟುತ್ತದೆ, ಭಾರ ತಡೆಯುತ್ತದೆ. ಆದರೆ ಬಿಸಿಗೆ ತೆಳುವಾಗಿ ಹರಡಿಕೊಂಡು ಕೂತರೆ ಗೋಂದಾಗುತ್ತದೆ. ಕೆಲಸ ಮುಗಿದ ತಕ್ಷಣ ಬಿಚ್ಚಿ ತೊಳೆಯುವ ಎಂಜಿನ್ನಿಗೆ ಸರಿ. ವರ್ಷಗಟ್ಟಲೆ ಅಟ್ಟದ ಮೇಲೆ ಕೂರುವ ಪ್ರೊಜೆಕ್ಟರಿಗೆ ಬೇಡ. ಆದರೂ ಹರಳಿಗೆ ನಮ್ಮ ಕೆಲಸದಲ್ಲಿ ಜಾಗವಿದೆ. ಲಿಥಿಯಂ ಗ್ರೀಸಿಗೆ ಬೇಕಾದ ಸೋಪನ್ನು ಹರಳೆಣ್ಣೆಯಿಂದ ಬರುವ ಕೊಬ್ಬಿನ ಆಮ್ಲದಿಂದಲೇ ಮಾಡುತ್ತಾರೆ. ಹೊಲದ ಬದುವಿನಲ್ಲಿ ಬೆಳೆಯುವ ಹರಳು ಹೀಗೆ ಸುತ್ತಿ ಬಳಸಿ ನಮ್ಮ ಗೇರಿಗೆ ಬರುತ್ತದೆ.

ಮಂಡ್ಯ ಕಡೆಯವರು ಜಾಸ್ತಿ ಕೇಳುವ ಪ್ರಶ್ನೆ: "ಪಂಪ್‌ಸೆಟ್ಟಿಗೆ ತಂದ ಎಂಜಿನ್ ಆಯಿಲ್ ಇದೆ, ಅದನ್ನೇ ಬಿಡಬಹುದಾ?" ಒಂದು ಷೋ ನಡೆಸಲೇಬೇಕು, ಬೇರೆ ಏನೂ ಸಿಕ್ಕಿಲ್ಲ ಅಂದರೆ ಬಿಡಿ. ಒಣಗಿದ ಬುಶ್ಶಿಗಿಂತ ಅದು ಸಾವಿರ ಪಾಲು ಮೇಲು. ಆದರೆ ಅದನ್ನೇ ಕಾಯಂ ಮಾಡಬೇಡಿ. ಎಂಜಿನ್ ಆಯಿಲಿನಲ್ಲಿ ಡಿಟರ್ಜೆಂಟ್ ಇರುತ್ತದೆ. ಮಸಿಯನ್ನು ತಳಕ್ಕೆ ಕೂರಲು ಬಿಡದೆ ಎಣ್ಣೆಯಲ್ಲೇ ತೇಲಿಸಿಕೊಂಡು ಫಿಲ್ಟರಿಗೆ ಒಯ್ಯುವುದು ಅದರ ಕೆಲಸ. ಪ್ರೊಜೆಕ್ಟರಿನ ಸಣ್ಣ ಎಣ್ಣೆ ಪೆಟ್ಟಿಗೆಗೆ ಫಿಲ್ಟರ್ ಎಲ್ಲಿದೆ? ತೇಲುವ ಲೋಹದ ಪುಡಿ ಮತ್ತೆ ಮತ್ತೆ ಹಲ್ಲಿನ ನಡುವೆಯೇ ಅರೆದುಕೊಂಡು ಸುತ್ತುತ್ತದೆ. ಡಿಟರ್ಜೆಂಟ್ ಇಲ್ಲದ ಎಣ್ಣೆಯಲ್ಲಾದರೆ ಅದು ತಳದಲ್ಲಿ ಕೂರುತ್ತದೆ.

ಗೇರ್ ಆಯಿಲ್, ಅಂದರೆ ಅಂಗಡಿಯವರ "90 ನಂಬರ್", ಬೇಡವೇ ಬೇಡ. ಮುಚ್ಚಳ ತೆಗೆದರೆ ಗಂಧಕದ ವಾಸನೆ ಬರುತ್ತದಲ್ಲ, ಅದೇ ಕಾರಣ. ಲಾರಿಯ ಉಕ್ಕಿನ ಗೇರುಗಳ ಒತ್ತಡ ತಡೆಯಲು ಹಾಕಿದ ಗಂಧಕ, ರಂಜಕದ ಸಂಯುಕ್ತಗಳು ಬಿಸಿ ಏರಿದಾಗ ಹಿತ್ತಾಳೆ, ಕಂಚನ್ನು ತಿನ್ನಬಲ್ಲವು. ಪ್ರೊಜೆಕ್ಟರಿನ ಬುಶ್ಶುಗಳಲ್ಲಿ ಹೆಚ್ಚಿನವು ಕಂಚಿನವೇ. ಸಾಲದ್ದಕ್ಕೆ ಅದು ತೀರ ಮಂದ.

ಇನ್ನು ಸ್ಪ್ರೇ. ಡಬ್ಲ್ಯೂಡಿ-40 ಇಲ್ಲದ ಮನೆ ಈಗ ಕಡಿಮೆ. 1953ರಲ್ಲಿ ಅಮೆರಿಕದಲ್ಲಿ ಲೋಹದ ಮೇಲಿಂದ ನೀರು ಸರಿಸಲು ಮಾಡಿದ್ದು ಅದು. ನಲವತ್ತನೇ ಪ್ರಯತ್ನಕ್ಕೆ ಸರಿಹೋಯಿತು ಅಂತ ಆ ಹೆಸರು. ತುಕ್ಕು ಹಿಡಿದ ಸ್ಕ್ರೂ ಬಿಡಿಸಲು ನಾನೂ ಬಳಸುತ್ತೇನೆ. ಆದರೆ ಅದರಲ್ಲಿ ಜಾಸ್ತಿ ಇರುವುದು ಆವಿಯಾಗುವ ದ್ರಾವಕ. ಬೇರಿಂಗಿನೊಳಗೆ ಹೋದರೆ ಇರುವ ಎಣ್ಣೆಯನ್ನೂ ತೊಳೆದು, ತಾನೂ ಆರಿಹೋಗುತ್ತದೆ. ಮೊದಲ ದಿನ ಯಂತ್ರ ಬೆಣ್ಣೆಯ ಹಾಗೆ ತಿರುಗುತ್ತದೆ. ಎಲ್ಲರೂ ಮೋಸ ಹೋಗುವುದು ಅಲ್ಲೇ. ಕೆಲವು ವಾರದ ಮೇಲೆ ಕಿರ್ ಅಂತ ಶುರುವಾಗುತ್ತದೆ. ಸ್ಪ್ರೇ ಹನಿಗಳು ಗೇಟು, ಲೆನ್ಸು, ಬೆಲ್ಟು ಎಲ್ಲದರ ಮೇಲೂ ಹಾರುವುದು ಬೇರೆ. ಪ್ರೊಜೆಕ್ಟರಿನ ಒಳಗೆ ಯಾವ ಸ್ಪ್ರೇಯನ್ನೂ ನೇರ ಹೊಡೆಯಬೇಡಿ. ಬೇಕಾದರೆ ಬಟ್ಟಲಿಗೆ ಹೊಡೆದು ಬ್ರಷ್ಷಿನಲ್ಲಿ ಹಚ್ಚಿ.

ಅಂಗಡಿಗೆ ಹೋದರೆ ಆರಿಸಿಕೊಳ್ಳಬೇಕಾದದ್ದು

ಹೊಲಿಗೆ ಯಂತ್ರದ ಎಣ್ಣೆ ಎಲ್ಲಿ ಬೇಕಾದರೂ ಸಿಗುತ್ತದೆ. ನೀರಿನ ಹಾಗೆ ತಿಳಿ, ಕಲೆ ಕಡಿಮೆ, ಬೇಗ ಅಂಟಾಗುವುದಿಲ್ಲ. 8 ಎಂ.ಎಂ., ಸೂಪರ್ 8 ಯಂತ್ರಗಳಿಗೆ ನಾನು ಇದನ್ನೇ ಬಳಸುವುದು. ಆದರೆ 16 ಎಂ.ಎಂ. ಯಂತ್ರದ ಮುಖ್ಯ ಶಾಫ್ಟಿಗೆ ಇದು ನಿಲ್ಲುವುದಿಲ್ಲ. ಬಲ್ಬಿನ ಬಿಸಿಗೆ ಇನ್ನಷ್ಟು ತೆಳುವಾಗಿ ಸೋರಿಹೋಗುತ್ತದೆ.

ವಿಜಿ 68ರಲ್ಲಿ ಎರಡು ಬಗೆ ಸಿಗುತ್ತವೆ. ಹೈಡ್ರಾಲಿಕ್ ಎಣ್ಣೆ, ಟರ್ಬೈನ್ ಎಣ್ಣೆ. ಇಂಡಿಯನ್ ಆಯಿಲ್ ಕಂಪನಿಯ ಸರ್ವೋ ಸಿಸ್ಟಮ್ 68 ಮೊದಲನೆಯದು, ಸರ್ವೋ ಪ್ರೈಮ್ 68 ಎರಡನೆಯದು. ಹೈಡ್ರಾಲಿಕ್ ಎಣ್ಣೆಯಲ್ಲಿ ಸವೆತ ತಡೆಯಲು ಇನ್ನೊಂದಿಷ್ಟು ಬೆರೆಸಿರುತ್ತಾರೆ. ಟರ್ಬೈನ್ ಎಣ್ಣೆಯಲ್ಲಿ ತುಕ್ಕು ಹಿಡಿಯದ ಹಾಗೆ, ಗಾಳಿಗೆ ಕೆಡದ ಹಾಗೆ ಮಾಡುವ ಅಂಶ ಮುಖ್ಯ. ವರ್ಷಕ್ಕೆ ನಾಲ್ಕು ಸಲ ಮಾತ್ರ ಓಡುವ ಯಂತ್ರಕ್ಕೆ ಕೆಡದೆ ಉಳಿಯುವ ಗುಣವೇ ದೊಡ್ಡದು. ಅದಕ್ಕೇ ನನ್ನ ಆಯ್ಕೆ ಟರ್ಬೈನ್ ಎಣ್ಣೆ. ಅದು ಸಿಗದಿದ್ದರೆ ಹೈಡ್ರಾಲಿಕ್ ಹಾಕಿ, ಯೋಚನೆ ಬೇಡ. ಇವು ಡ್ರಮ್ಮಿನಲ್ಲಿ ಬರುವ ಎಣ್ಣೆಗಳು, ಸಣ್ಣ ಡಬ್ಬಿ ಹುಡುಕಿ ಸುಸ್ತಾಗಬೇಡಿ. ಮೈಸೂರಿನ ಹೆಬ್ಬಾಳು, ಮೇಟಗಳ್ಳಿ ಕೈಗಾರಿಕಾ ಪ್ರದೇಶದ ಕಡೆ ಪರಿಚಯದ ಲೇತ್ ಶಾಪ್ ಇದ್ದರೆ ಕೇಳಿ ನೋಡಿ. ನನಗೆ ಕಾಲು ಲೀಟರ್ ಹಾಗೇ ಕೊಟ್ಟರು. ಕಾಲು ಲೀಟರ್ ಅಂದರೆ ನಿಮ್ಮ ಮಕ್ಕಳ ಕಾಲಕ್ಕೂ ಆಗುತ್ತದೆ! ಹೊಸ ಎಣ್ಣೆಯೇ ಬೇಕು ಅಂತ ಹೇಳಿ, ಯಂತ್ರದಿಂದ ಬಸಿದದ್ದಲ್ಲ.

ಎಣ್ಣೆ ಕುಡಿಯುವ ಬುಶ್ಶು

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕಂದರೆ ಒಳ್ಳೆಯ ಯಂತ್ರಗಳು ಹಾಳಾಗುವುದನ್ನು ನಾನು ಜಾಸ್ತಿ ನೋಡಿರುವುದು ಇದರಿಂದಲೇ.

ಪ್ರೊಜೆಕ್ಟರಿನ ಮೋಟಾರು, ಶಾಫ್ಟುಗಳಲ್ಲಿ ಬರುವ ಎಷ್ಟೋ ಕಂಚಿನ ಬುಶ್ಶುಗಳು ಗಟ್ಟಿ ಕಂಚಲ್ಲ. ಕಂಚಿನ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದವು. ನೋಡಲು ಹೊಳಪಿಲ್ಲದೆ ಮಂಕಾಗಿ, ಸಣ್ಣ ರವೆಯ ಹಾಗೆ ಕಾಣುತ್ತವೆ. ಒಳಗೆಲ್ಲ ಕಣ್ಣಿಗೆ ಕಾಣದ ತೂತು. ಗಾತ್ರದ ಸುಮಾರು ಐದನೇ ಒಂದು ಪಾಲು ಬರೀ ಎಣ್ಣೆಯೇ ತುಂಬಿರುತ್ತದೆ. ಶಾಫ್ಟು ತಿರುಗಿ ಬಿಸಿಯಾದಾಗ ಎಣ್ಣೆ ಹೊರಗೆ ಬರುತ್ತದೆ, ನಿಂತು ತಣ್ಣಗಾದಾಗ ಒಳಗೆ ಹೋಗುತ್ತದೆ. ಗುರುತು ಹಿಡಿಯುವುದು ಸುಲಭ. ಒರೆಸಿದ ಬುಶ್ಶಿನ ಹೊರಮೈ ಮೇಲೆ ಒಂದು ತೊಟ್ಟು ಎಣ್ಣೆ ಇಡಿ. ನಿಧಾನಕ್ಕೆ ಹೀರಿಕೊಂಡರೆ ಇದೇ ಜಾತಿ.

ಇದಕ್ಕೆ ಗ್ರೀಸು ಹಚ್ಚಿದರೆ ತೂತುಗಳು ಮುಚ್ಚಿಹೋಗುತ್ತವೆ. ಚೆನ್ನಾಗಿ ತೊಳೆಯೋಣ ಅಂತ ಪೆಟ್ರೋಲಿನಲ್ಲೋ ಆಲ್ಕೋಹಾಲಿನಲ್ಲೋ ರಾತ್ರಿಯಿಡೀ ನೆನೆಸಿದರೆ ಒಳಗಿನ ಎಣ್ಣೆಯೆಲ್ಲ ಹೊರಗೆ ಬಂದು, ಬುಶ್ಶು ಒಣ ಸ್ಪಂಜಾಗುತ್ತದೆ. ಆಮೇಲೆ ಹೊರಗಿನಿಂದ ಎರಡು ತೊಟ್ಟು ಬಿಟ್ಟರೆ ಅದಕ್ಕೆ ಎಲ್ಲಿ ಸಾಲುತ್ತದೆ?

ಒಣಗಿದ ಬುಶ್ಶನ್ನು ಮತ್ತೆ ತುಂಬಿಸಬಹುದು. ಬುಶ್ಶನ್ನು ಬಿಚ್ಚಿ, ಒಂದು ಸ್ಟೀಲ್ ಬಟ್ಟಲಿನಲ್ಲಿ ವಿಜಿ 68 ಎಣ್ಣೆ ಹಾಕಿ ಅದರಲ್ಲಿ ಮುಳುಗಿಸಿ. ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಿ. ನೇರ ಒಲೆ ಮೇಲೆ ಎಣ್ಣೆ ಕಾಯಿಸುವುದು ಅಪಾಯ, ಖಂಡಿತ ಬೇಡ. ನೀರು 70, 80 ಡಿಗ್ರಿ ಇದ್ದರೆ ಸಾಕು. ಸ್ವಲ್ಪ ಹೊತ್ತಿಗೆ ಬುಶ್ಶಿನ ಮೈಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಒಳಗಿನ ಗಾಳಿ ಅದು. ಗುಳ್ಳೆ ನಿಲ್ಲುವವರೆಗೆ ಬಿಡಿ. ಆಮೇಲೆ ಎಣ್ಣೆಯಲ್ಲೇ ತಣ್ಣಗಾಗಲಿ. ತಣಿಯುವಾಗಲೇ ಅದು ಎಣ್ಣೆ ಎಳೆದುಕೊಳ್ಳುವುದು, ಬಿಸಿಯಿದ್ದಾಗಲೇ ತೆಗೆದರೆ ಶ್ರಮ ವ್ಯರ್ಥ. ಹಳ್ಳಿಯಿಂದ ಬಂದ ಆ ಯಂತ್ರದ ಮೋಟಾರು ಬುಶ್ಶುಗಳಿಗೆ ಹೀಗೆ ಮಾಡಿದೆ. ಒಂದಕ್ಕೆ ಅರ್ಧ ಗಂಟೆ ಸಾಕಾಯಿತು. ಇನ್ನೊಂದು ಒಂದೂವರೆ ಗಂಟೆ ಗುಳ್ಳೆ ಬಿಡುತ್ತಲೇ ಇತ್ತು.

ಬುಶ್ಶಿನ ಪಕ್ಕದಲ್ಲಿ ಫೆಲ್ಟಿನ ಸಣ್ಣ ತುಂಡು ಇದ್ದರೆ ಅದು ಎಣ್ಣೆಬತ್ತಿ. ಅದನ್ನು ಕಸ ಅಂತ ಕಿತ್ತು ಎಸೆದವರನ್ನು ನೋಡಿದ್ದೇನೆ. ದಯವಿಟ್ಟು ಎಸೆಯಬೇಡಿ. ಗಟ್ಟಿಯಾಗಿದ್ದರೆ ತೊಳೆದು, ಒಣಗಿಸಿ, ಎಣ್ಣೆಯಲ್ಲಿ ನೆನೆಸಿ ಮತ್ತೆ ಕೂರಿಸಿ.

ಗ್ರೀಸುಗಳಲ್ಲಿ ಯಾವುದು

ಗ್ರೀಸು ಅಂದರೆ ಸೋಪಿನಂಥ ಒಂದು ಸ್ಪಂಜು, ಅದರೊಳಗೆ ಎಣ್ಣೆ. ಕೆಲಸ ಮಾಡುವುದು ಎಣ್ಣೆಯೇ, ಸೋಪು ಅದನ್ನು ಹಿಡಿದಿಡುತ್ತದೆ ಅಷ್ಟೆ. ಹತ್ತಾರು ವರ್ಷ ಕೂತರೆ ಎಣ್ಣೆ ಬಸಿದುಹೋಗಿ ಸೋಪು ಮಾತ್ರ ಮೇಣದಬತ್ತಿಯ ಹಾಗೆ ಗಟ್ಟಿಯಾಗಿ ಉಳಿಯುತ್ತದೆ. ಅದರ ಮೇಲೆ ಹೊಸ ಗ್ರೀಸು ಬಳಿದು ಪ್ರಯೋಜನವಿಲ್ಲ. ಬೇರೆ ಬೇರೆ ಜಾತಿಯ ಗ್ರೀಸು ಒಂದಕ್ಕೊಂದು ಸೇರಿದರೆ ಕೆಲವು ಸಲ ನೀರಾಗಿ ಸೋರುತ್ತವೆ, ಕೆಲವು ಸಲ ಗಟ್ಟಿಯಾಗುತ್ತವೆ. ಹಳೆಯದನ್ನು ಪೂರ್ತಿ ತೆಗೆದೇ ಹೊಸದು.

ಅಂಗಡಿಯ ಹಳದಿ ಗ್ರೀಸು ಸಾಮಾನ್ಯವಾಗಿ ಕ್ಯಾಲ್ಸಿಯಂ ಸೋಪಿನದು. ನೀರಿಗೆ ಜಗ್ಗುವುದಿಲ್ಲ, ಎತ್ತಿನ ಗಾಡಿಯ ಅಚ್ಚಿಗೆ ಚೆನ್ನ. ಬಿಸಿ ಮಾತ್ರ ತಡೆಯದು. ದೀಪದ ಪೆಟ್ಟಿಗೆಯ ಪಕ್ಕದ ಗೇರಿಗೆ ಹಾಕಬೇಡಿ. ಲಿಥಿಯಂ ಗ್ರೀಸು ಬಿಸಿಯನ್ನೂ ತಡೆಯುತ್ತದೆ, ನೀರನ್ನೂ ತಡೆಯುತ್ತದೆ. ಸರ್ವೋ ಜೆಮ್ 2 ಇಂಥದ್ದು. ಕೊನೆಯ ಅಂಕಿ ಗಟ್ಟಿತನ ಹೇಳುತ್ತದೆ. ಗ್ಯಾರೇಜಿನಲ್ಲಿ ಜಾಸ್ತಿ ಓಡುವುದು 3 ನಂಬರ್. ಪ್ರೊಜೆಕ್ಟರಿಗೆ ಅದು ಬಿರುಸು. 2 ಕೇಳಿ ತನ್ನಿ, 1 ಸಿಕ್ಕರೆ ಸಣ್ಣ ಯಂತ್ರಕ್ಕೆ ಇನ್ನೂ ಒಳ್ಳೇದು. ಗಟ್ಟಿ ಗ್ರೀಸಿನಲ್ಲಿ ಗೇರಿನ ಹಲ್ಲು ತನ್ನ ದಾರಿಯನ್ನು ನಾಲೆಯ ಹಾಗೆ ಕೊರೆದುಕೊಂಡುಬಿಡುತ್ತದೆ. ಎರಡೂ ದಡದಲ್ಲಿ ಗ್ರೀಸು ತುಂಬಿರುತ್ತದೆ, ನಡುವೆ ಹಲ್ಲು ಒಣಗಿ ಓಡುತ್ತಿರುತ್ತದೆ. ಮೇಲಿನಿಂದ ನೋಡಿದವರಿಗೆ ಗ್ರೀಸು ಬೇಕಾದಷ್ಟಿದೆ ಅನ್ನಿಸುತ್ತದೆ.

ನೈಲಾನ್ ಗೇರು ಇರುವ ಯಂತ್ರದಲ್ಲಿ ಇನ್ನೂ ಹುಷಾರು ಬೇಕು. ಬೆಲ್ ಅಂಡ್ ಹೋವೆಲ್ ಕಂಪನಿಯ ಕೊನೆಕೊನೆಯ 16 ಎಂ.ಎಂ. ಯಂತ್ರಗಳಲ್ಲಿ ಉಕ್ಕಿನ ಶಾಫ್ಟಿನ ಮೇಲೆ ನೈಲಾನಿನ ವರ್ಮ್ ಗೇರು (ಸ್ಕ್ರೂ ಆಕಾರದ ಗೇರು) ಕೂರಿಸಿರುತ್ತಾರೆ. ವಯಸ್ಸಾದಂತೆ ಅದು ಸೀಳು ಬಿಡುತ್ತದೆ. ಸೀಳಿದ ಗೇರನ್ನು ಯಾವ ಗ್ರೀಸೂ ಉಳಿಸದು, ಬದಲಿಸಲೇಬೇಕು. ಸೀಳದ ಗೇರಿಗೆ ಪಿಟಿಎಫ್‌ಇ (ಟೆಫ್ಲಾನ್) ಬೆರೆಸಿದ ಸಿಂಥೆಟಿಕ್ ಗ್ರೀಸು ಅಥವಾ ಸಿಲಿಕೋನ್ ಗ್ರೀಸು ಹಚ್ಚಿ. ಗಟ್ಟಿ ಗ್ರೀಸು ಬೇಡ. ಚಳಿ ಬೆಳಗಿನಲ್ಲಿ ಮೋಟಾರು ಎಳೆಯುವಾಗ ಪೆಟ್ಟು ಬೀಳುವುದು ನೈಲಾನಿಗೆ. ಯಂತ್ರ ಶುರು ಮಾಡುವ ಮೊದಲು ನಾಬ್ ಹಿಡಿದು ಎರಡು ಸುತ್ತು ಕೈಯಲ್ಲೇ ತಿರುಗಿಸಿ ನೋಡುವ ಅಭ್ಯಾಸ ಒಳ್ಳೇದು.

ಸಿಲಿಕೋನ್ ಗ್ರೀಸು ಪ್ಲಾಸ್ಟಿಕ್ಕಿಗೆ ಚೆನ್ನ, ಉಕ್ಕಿಗೆ ಉಕ್ಕು ಉಜ್ಜುವಲ್ಲಿ ಬಲವಿಲ್ಲ. ಮಾಲಿಬ್ಡಿನಂ ಬೆರೆತ ಕಪ್ಪು ಗ್ರೀಸು ಜಾರುವ ಲೋಹಕ್ಕೆ ಬಲವಾದದ್ದೇ, ಆದರೆ ಅದರ ಕಪ್ಪು ಫಿಲ್ಮಿಗೆ ತಾಗಿದರೆ ಬಿಡಿಸುವುದು ಕಷ್ಟ. ನಾನು ಅದನ್ನು ಪ್ರೊಜೆಕ್ಟರ್ ಮೇಜಿನಿಂದ ದೂರವೇ ಇಟ್ಟಿದ್ದೇನೆ.

35 ಎಂ.ಎಂ.ನ ಜಿನೀವಾ ಪೆಟ್ಟಿಗೆ

ನನ್ನ ಸೋದರಮಾವ ಮಳವಳ್ಳಿ ಕಡೆ ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದರು. ರಜೆಗೆ ಹೋದಾಗ ಯಂತ್ರದ ಪಕ್ಕ ಸ್ಟೂಲ್ ಹಾಕಿ ಕೂರಿಸಿಕೊಳ್ಳುತ್ತಿದ್ದರು. ನಾನು ಎಣ್ಣೆ ಡಬ್ಬಿ ಎತ್ತಿಕೊಂಡರೆ ಸಾಕು, ಕೈ ಹಿಡಿದು ಹೇಳೋರು: "ಕಣ್ಣಿಗೆ ಕಾಡಿಗೆ ಹಚ್ಚಿದಂಗೆ ಹಚ್ಬೇಕು ಕಣ್ಲಾ. ತಲೆಗೆ ಎಣ್ಣೆ ಮೆತ್ತಿದಂಗಲ್ಲ." ಕೈಯಲ್ಲಿ ಸಿರಿಂಜು ಹಿಡಿದಾಗ ಈಗಲೂ ಆ ಮಾತು ಕಿವಿಯಲ್ಲಿದೆ.

ಅವರು ಧಾರಾಳವಾಗಿ ಎಣ್ಣೆ ಕೊಡುತ್ತಿದ್ದ ಜಾಗ ಒಂದೇ, ಜಿನೀವಾ ಪೆಟ್ಟಿಗೆ. 35 ಎಂ.ಎಂ. ಫಿಲ್ಮನ್ನು ತಡೆತಡೆದು ಎಳೆಯುವ ಯಂತ್ರ ಅದರೊಳಗಿದೆ. ನಾಲ್ಕು ಸೀಳಿನ ಒಂದು ನಕ್ಷತ್ರ, ಅದನ್ನು ತಿರುಗಿಸಲು ಒಂದು ಪಿನ್ನು ಇರುವ ಚಕ್ರ. ಪಿನ್ನು ಒಂದು ಸುತ್ತು ಬಂದರೆ ನಕ್ಷತ್ರ ಕಾಲು ಸುತ್ತು ತಿರುಗಿ ನಿಲ್ಲುತ್ತದೆ. ಫಿಲ್ಮು ನಾಲ್ಕು ತೂತು, ಅಂದರೆ ಒಂದು ಚಿತ್ರ ಇಳಿಯುತ್ತದೆ. ಸೆಕೆಂಡಿಗೆ 24 ಚಿತ್ರ ಅಂದರೆ ಆ ಚಕ್ರ ನಿಮಿಷಕ್ಕೆ 1,440 ಸುತ್ತು. ಪ್ರತಿ ಸುತ್ತಿಗೂ ಪಿನ್ನು ಸೀಳಿನೊಳಗೆ ನುಗ್ಗಿ ಹೊರಬರಬೇಕು. ಇಲ್ಲಿ ಗ್ರೀಸು ಹಾಕಿದರೆ ಒಂದೆರಡು ನಿಮಿಷದಲ್ಲಿ ಗೋಡೆಗೆ ಎರಚಿಹೋಗುತ್ತದೆ, ವಾಪಸ್ ಬರುವುದಿಲ್ಲ. ಎಣ್ಣೆಯಾದರೆ ಹರಿದು ಮತ್ತೆ ತಳಕ್ಕೆ ಬರುತ್ತದೆ. ಅದಕ್ಕೇ ಆ ಪೆಟ್ಟಿಗೆ ಎಣ್ಣೆಯಲ್ಲಿ ಮುಳುಗಿರುವುದು.

ಎಣ್ಣೆ ಎಷ್ಟಿದೆ ಅಂತ ನೋಡಲು ಪೆಟ್ಟಿಗೆಗೆ ಸಣ್ಣ ಗಾಜಿನ ಕಿಟಕಿ ಇರುತ್ತದೆ. ಗುರುತು ಇದ್ದರೆ ಗುರುತಿನವರೆಗೆ. ಜಾಸ್ತಿಯಾದರೆ ಶಾಫ್ಟಿನ ಅಂಚಿನಿಂದ ಸೋರಿ ಸ್ಪ್ರಾಕೆಟ್ಟಿಗೆ (ಫಿಲ್ಮು ಎಳೆಯುವ ಹಲ್ಲುಚಕ್ರ), ಅಲ್ಲಿಂದ ನೇರ ಫಿಲ್ಮಿಗೆ. ಎಷ್ಟು ಮಂದದ ಎಣ್ಣೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಕೈಪಿಡಿ ಸಿಕ್ಕರೆ ಅದೇ ಕೊನೆಯ ಮಾತು. ಸಿಗದೇ ಹೋದರೆ ಡಿಟರ್ಜೆಂಟ್ ಇಲ್ಲದ ವಿಜಿ 68 ಹಾಕಿ ಅರ್ಧ ಗಂಟೆ ಓಡಿಸಿ ಕೇಳಿ. ಸದ್ದು ಒರಟಾಗಿದ್ದರೆ 100ಕ್ಕೆ ಹೋಗಿ. ಹಳೆ ಎಣ್ಣೆ ಬಸಿಯುವಾಗ ಬಿಳಿ ಬಟ್ಟಲಿಗೆ ಬಸಿಯಿರಿ. ಬರೀ ಕಂದು ಆಗಿದ್ದರೆ ವಯಸ್ಸು. ಬಿಸಿಲಿಗೆ ಹಿಡಿದಾಗ ಬೂದು ಮಿಂಚು ಕಂಡರೆ ಲೋಹ ಸವೆಯುತ್ತಿದೆ. ಎಣ್ಣೆ ಬದಲಿಸಿ ಸುಮ್ನೆ ಕೂರಬೇಡಿ, ಪೆಟ್ಟಿಗೆ ಬಿಚ್ಚಿಸಿ ನೋಡಿ.

ಏನೂ ಹಾಕಬಾರದ ಜಾಗ

ಗೇಟು, ಅದರಲ್ಲಿ ಫಿಲ್ಮನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟು, ಫಿಲ್ಮು ಹಾದುಹೋಗುವ ಪ್ರತಿ ರೋಲರಿನ ಮೇಲ್ಮೈ. ಇಲ್ಲಿ ಎಣ್ಣೆ ಕಂಡರೆ ಒರೆಸಿ. ಎಣ್ಣೆಗೆ ಧೂಳು ಅಂಟುತ್ತದೆ, ಧೂಳು ಫಿಲ್ಮನ್ನು ಗೀರುತ್ತದೆ. ಆ ಗೀರು ಯಾವತ್ತಿಗೂ ಹೋಗದು. ಹಿಂದೆ ಹೊಸ ಪ್ರಿಂಟು ಗೇಟಿನಲ್ಲಿ ಅಂಟದಿರಲಿ ಅಂತ ಅಂಚಿಗೆ ತೆಳುವಾಗಿ ಮೇಣ ಸವರುತ್ತಿದ್ದದ್ದು ಉಂಟು. ಈಗ ನಮ್ಮ ಕೈಗೆ ಬರುವ ಹಳೆ ಪ್ರಿಂಟುಗಳಿಗೆ ಅದೂ ಬೇಡ.

ಒಂದು ಸಲ ನಮ್ಮ ಚಿಕ್ಕಮ್ಮನ ಮದುವೆಯ ಸೂಪರ್ 8 ರೀಲು ಹಾಕುವ ಮೊದಲು ಅವಸರದಲ್ಲಿ ಕ್ಲಾ ಪಕ್ಕದ ಕೀಲಿಗೆ ಐದಾರು ತೊಟ್ಟು ಬಿಟ್ಟಿದ್ದೆ. ಮುಹೂರ್ತದ ಹೊತ್ತಿಗೆ ಪರದೆ ಮೇಲೆ ನೀರು ಹರಿದ ಹಾಗೆ ಕಲೆ ಕುಣಿಯತೊಡಗಿತು. ಯಂತ್ರ ನಿಲ್ಲಿಸಿ, ಮೂರು ಸಂಜೆ ಕೂತು, ಮೆತ್ತನೆ ಬಟ್ಟೆಯಲ್ಲಿ ಅಡಿಅಡಿಯಾಗಿ ಒರೆಸಿದೆ. ಇಡೀ ಮನೆಯಲ್ಲಿ ಅಜ್ಜಿ ನಗುತ್ತಿರುವ ಚಿತ್ರ ಇರುವುದು ಅದೊಂದರಲ್ಲೇ. ಅವತ್ತಿನಿಂದ ಸಿರಿಂಜಿಲ್ಲದೆ ಎಣ್ಣೆ ಮುಟ್ಟಿಲ್ಲ.

ರಬ್ಬರಿಗೂ ಖನಿಜ ಎಣ್ಣೆಗೂ ಎಣ್ಣೆ ಸೀಗೇಕಾಯಿ ಸಂಬಂಧ. ಬೆಲ್ಟು ಊದಿ ಜಾರುತ್ತದೆ. 8 ಎಂ.ಎಂ. ಯಂತ್ರಗಳಲ್ಲಿ ಗೇರಿನ ಬದಲು ರಬ್ಬರ್ ಚಕ್ರ ಉಜ್ಜಿ ಓಡಿಸುವ ಕ್ರಮ ಇರುತ್ತದೆ. ಅದಕ್ಕೆ ಒಂದು ತೊಟ್ಟು ತಾಗಿದರೂ ಓಟ ಏರುಪೇರು.

ಫಿಲ್ಮಿನ ಧ್ವನಿ ಓದುವಲ್ಲಿರುವ ಸೌಂಡ್ ಡ್ರಮ್ಮಿನ ಮೇಲ್ಮೈಯೂ ಹೀಗೆಯೇ, ಒಣಗಿರಬೇಕು. ಆದರೆ ಅದರ ಹಿಂದಿನ ಫ್ಲೈವೀಲ್ (ಓಟ ಸಮವಾಗಿಡುವ ಭಾರದ ಚಕ್ರ) ಬೇರಿಂಗಿಗೆ ತೆಳು ಎಣ್ಣೆ ಒಂದು ತೊಟ್ಟು ಬೇಕು. ಗ್ರೀಸು ಹಾಕಿದರೆ ಫ್ಲೈವೀಲ್ ಹಗುರಾಗಿ ತಿರುಗದೆ ಹಾಡು ಅಲೆಅಲೆಯಾಗಿ ಎಳೆದಾಡುತ್ತದೆ. ಫಿಲ್ಮು ತೆಗೆದು ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಡಿ. ಬೇಗ ನಿಂತರೆ ತೊಳೆಯಬೇಕು, ಸದ್ದಿಲ್ಲದೆ ಬಹಳ ಹೊತ್ತು ಸುತ್ತಿದರೆ ಮುಟ್ಟಬೇಡಿ.

ತೊಳೆಯುವುದು, ಹಚ್ಚುವುದು

ಮೊದಲು ಪ್ಲಗ್ ಕೀಳಿ. ಸೀಮೆಎಣ್ಣೆ ಹಳೆಯ ಜಿಡ್ಡು ತೆಗೆಯಲು ಒಳ್ಳೆಯದೇ, ಆದರೆ ಈಗ ಸಿಗುವುದೇ ಕಷ್ಟ. ಪೇಂಟ್ ಅಂಗಡಿಯ ಟರ್ಪೆಂಟೈನ್ ಅದೇ ಕೆಲಸ ಮಾಡುತ್ತದೆ. ಪೆಟ್ರೋಲ್ ಬೇಡ, ಒಂದು ಕಿಡಿ ಸಾಕು. ಥಿನ್ನರ್, ಅಸಿಟೋನ್ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕರಗಿಸುತ್ತವೆ. ಕೊನೆಗೆ ಒರೆಸಲು, ಗೇಟು ಶುಚಿ ಮಾಡಲು ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಒಳ್ಳೇದು. ಒಂದು ಗುಟ್ಟು ಹೇಳುತ್ತೇನೆ. ಹರಳೆಣ್ಣೆ ಟರ್ಪೆಂಟೈನ್, ಸೀಮೆಎಣ್ಣೆಗಳಲ್ಲಿ ಸರಿಯಾಗಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ಎಷ್ಟು ಉಜ್ಜಿದರೂ ಅಂಟು ಬಿಡುತ್ತಿಲ್ಲ ಅಂದರೆ ಆಲ್ಕೋಹಾಲ್ ಹಚ್ಚಿ ನೋಡಿ. ಎಲ್ಲಕ್ಕೂ ಕಿಟಕಿ ತೆರೆದಿರಲಿ, ದೀಪ ಆರಿ ತಣ್ಣಗಾಗಿರಲಿ.

ಹಚ್ಚಲು ಮೆಡಿಕಲ್ ಸ್ಟೋರಿನ 1 ಮಿ.ಲೀ. ಸಿರಿಂಜು ಸಾಕು. ಸೂಜಿಯ ತುದಿ ಉಜ್ಜಿ ಮೊಂಡು ಮಾಡಿಕೊಳ್ಳಿ. ಬುಶ್ಶಿಗೆ ಒಂದು ತೊಟ್ಟು, ನಾಬ್ ಹತ್ತು ಸುತ್ತು, ಮತ್ತೊಂದು ತೊಟ್ಟು. ಫೆಲ್ಟಿಗೆ ಮೊದಲ ಸಲ ಆರೇಳು, ನಿಧಾನವಾಗಿ. ಗ್ರೀಸನ್ನು ಬ್ರಷ್ಷಿನಲ್ಲಿ ಹಲ್ಲಿನ ಬುಡಕ್ಕೆ ತೆಳುವಾಗಿ ಸವರಿ, ತಿರುಗಿಸಿ, ಹೊರಗೆ ಉಬ್ಬಿದ್ದನ್ನು ಒರೆಸಿ.

ಆಮೇಲೆ ಫಿಲ್ಮಿಲ್ಲದೆ, ದೀಪ ಹಚ್ಚದೆ ಹದಿನೈದು ನಿಮಿಷ ಓಡಿಸಿ. ನಿಲ್ಲಿಸಿ, ಬಿಳಿ ಕಾಗದದ ಪಟ್ಟಿಯನ್ನು ಗೇಟಿನೊಳಗೆ ತೂರಿಸಿ ಎಳೆಯಿರಿ. ಕಾಗದದ ಮೇಲೆ ಎಣ್ಣೆ ಕಲೆ ಕಂಡರೆ ಒರೆಸಿ, ಮತ್ತೆ ಓಡಿಸಿ. ಎರಡು ಸಲ ಕಾಗದ ಶುಭ್ರವಾಗಿ ಬಂದ ಮೇಲೆ ಬೇಡದ ಒಂದು ತುಂಡು ರೀಲು ಹಾಕಿ. ಒಳ್ಳೆಯ ರೀಲು ಕೊನೆಗೆ.

ಎಷ್ಟು ದಿನಕ್ಕೊಮ್ಮೆ? ನಾನು ಇಟ್ಟುಕೊಂಡಿರುವ ಲೆಕ್ಕ 20 ಗಂಟೆ ಓಡಿದ ಮೇಲೆ ಫೆಲ್ಟಿಗೆ ಎರಡು ತೊಟ್ಟು. ಓಡದೆ ಇದ್ದರೂ ವರ್ಷಕ್ಕೊಮ್ಮೆ ನಾಬ್ ತಿರುಗಿಸಿ ನೋಡುವುದು. ಗ್ರೀಸು ಎರಡು ವರ್ಷಕ್ಕೊಮ್ಮೆ ಮುಟ್ಟಿ ನೋಡುವುದು, ಬೆರಳಿಗೆ ಮೆತ್ತಗಿದ್ದರೆ ಹಾಗೇ ಬಿಡುವುದು. ಯಾವ ಎಣ್ಣೆ, ಯಾವ ದಿನ, ಎಷ್ಟು ತೊಟ್ಟು ಅನ್ನುವುದನ್ನು ಮುಚ್ಚಳದ ಒಳಗೆ ಚೀಟಿ ಅಂಟಿಸಿ ಬರೆಯಿರಿ. ಮುಂದೆ ಬಿಚ್ಚುವವರು ನೀವೇ ಆಗಿರಬೇಕೆಂದಿಲ್ಲ.

ಗೋಣಿಚೀಲದಲ್ಲಿ ಬಂದ ಯಂತ್ರ ಹೋದ ವಾರ ಊರಿಗೆ ವಾಪಸ್ ಹೋಯಿತು. ಬೆಳಗ್ಗೆ 7 ಗಂಟೆಗೆ ನಾಬ್ ಒಂದೇ ಬೆರಳಿಗೆ ತಿರುಗಿತು. "ಆಯುಧಪೂಜೆಗೆ ಏನ್ ಮಾಡೋದು ಸಾರ್?" ಅಂತ ಅವರು ಕೇಳಿದರು. ಒಂದು ಸಣ್ಣ ಬಾಟಲಿಯಲ್ಲಿ ಟರ್ಬೈನ್ ಎಣ್ಣೆ, ಒಂದು ಸಿರಿಂಜು ಕೊಟ್ಟು, ಮುಚ್ಚಳದ ಚೀಟಿಯ ಕೊನೆಗೆ ಬರೆದೆ: ಕುಂಕುಮ ಮುಚ್ಚಳದ ಹೊರಗೆ, ಕೊಬ್ಬರಿ ಎಣ್ಣೆ ದೀಪಕ್ಕೆ, ಒಳಗೆ ಮೂರು ಫೆಲ್ಟಿಗೆ ಈ ಬಾಟಲಿಯಿಂದ ತಲಾ ಎರಡು ತೊಟ್ಟು.